ದಾವಣಗೆರೆಯಲ್ಲೇ ಕಂಪನಿ ಕಟ್ಟುವವರಿಗೆ ಯಾವ ಪ್ರೋಗ್ರಾಮಿಂಗ್ ಭಾಷೆ?

ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿಗೆ ಹೋಗದೆ ದಾವಣಗೆರೆಯಲ್ಲೇ ಏನಾದರೂ ಮಾಡೋಣ ಅನ್ನುವ ಹುಡುಗ ಹುಡುಗಿಯರು ಆಗಾಗ ನಮ್ಮ ಆಫೀಸಿಗೆ ಬರುತ್ತಾರೆ. ಐಡಿಯಾ ಹೇಳುತ್ತಾರೆ. ದುಡ್ಡು ಕೊಡೋರು ಯಾರು ಅಂತ ಹೇಳುತ್ತಾರೆ. ಅದಾದ ಮೇಲೆ ಬರುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಸರ್, ಯಾವ ಲಾಂಗ್ವೇಜಲ್ಲಿ ಶುರು ಮಾಡೋಣ?"

"ಲಾಂಗ್ವೇಜ್ ಯಾವ್ದಾದ್ರೇನು, ಲಾಜಿಕ್ ಬಂದ್ರೆ ಸಾಕು" ಅಂತ ಹೇಳಿ ಕಳಿಸುವವರೇ ಜಾಸ್ತಿ. ನಾನು ಆ ಮಾತು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಅದು ನಡೆದೀತು. ಅಲ್ಲಿ ಯಾವ ಭಾಷೆ ಹಿಡಿದರೂ, ಸಂಬಳ ಕೊಟ್ಟರೆ ಅದನ್ನು ಬಲ್ಲವರು ಸಿಗುತ್ತಾರೆ. ಇಲ್ಲಿ ಹಾಗಿಲ್ಲ. ಇಲ್ಲಿ ಒಂದು ಭಾಷೆ ಆರಿಸಿದಿರಿ ಅಂದರೆ, ಮುಂದಿನ ವರ್ಷ ನಿಮ್ಮ ಪಕ್ಕದ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಅನ್ನುವುದನ್ನೂ ಆಗಲೇ ಆರಿಸಿದಿರಿ ಅಂತಲೇ ಲೆಕ್ಕ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಬೆಂಗಳೂರು ಇಲ್ಲಿಂದ ಸುಮಾರು 260 ಕಿಲೋಮೀಟರ್. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಎರಡು ವರ್ಷ ಚೆನ್ನಾಗಿ ಕೆಲಸ ಕಲಿತ ಹುಡುಗನಿಗೆ ಅಲ್ಲಿಂದ ಫೋನ್ ಬಂದೇ ಬರುತ್ತದೆ. ಅವನು ಹೋಗುತ್ತಾನೆ, ಹೋಗಲೂಬೇಕು. ಮನೆಯಲ್ಲಿ ಸಾಲ ಇರುತ್ತದೆ, ತಂಗಿಯ ಓದು ಇರುತ್ತದೆ. ಅವನ ಮೇಲೆ ಬೇಜಾರು ಮಾಡಿಕೊಂಡು ಉಪಯೋಗವಿಲ್ಲ. ಅವನು ಬರೆದಿಟ್ಟ ಕೋಡು ಮಾತ್ರ ಇಲ್ಲೇ ಉಳಿಯುತ್ತದೆ. ಅದನ್ನು ಯಾರು ತೆರೆದು ನೋಡಿ, "ಓಹ್, ಇದು ಹೀಗಾ" ಅಂದು ಮುಂದುವರಿಸುತ್ತಾರೆ? ಊರಿನ ಸ್ಟಾರ್ಟಪ್ ಮೊದಲ ದಿನವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ನಮ್ಮ ಕೆಲಸವನ್ನೇ ಉದಾಹರಣೆ ಕೊಡುತ್ತೇನೆ. ನಾವು ಮಾಡುವುದು ಎಪಿಎಂಸಿಯ ದಲ್ಲಾಳಿ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್. ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರಿತ್ತು. ಗಿರಣಿಗಳು ಮುಚ್ಚಿದವು. ಈಗ ಈ ಮಾರುಕಟ್ಟೆಯ ದೊಡ್ಡ ಮಾಲು ಅಂದರೆ ಮೆಕ್ಕೆಜೋಳ. 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಬಂದ ಮೇಲೆ ಲಾಟು (ಮಾರಾಟಕ್ಕೆ ಬಂದ ಮಾಲಿನ ಒಂದೊಂದು ರಾಶಿ), ಟೆಂಡರು ಎಲ್ಲ ಕಂಪ್ಯೂಟರಿನಲ್ಲೇ ನಡೆಯತೊಡಗಿತು. ಆದರೆ ಅಂಗಡಿಯೊಳಗಿನ ಲೆಕ್ಕ ಬೇರೆಯೇ ಪ್ರಪಂಚ. ರೈತನಿಗೆ ಬಿತ್ತನೆ ಹೊತ್ತಿಗೆ ಕೊಟ್ಟ ಮುಂಗಡ, ಹಳೇ ಬಾಕಿ, ಚೀಲದ ತೂಕ, ತೇವಾಂಶಕ್ಕೆ ಮುರಿದುಕೊಳ್ಳುವುದು, ಹಮಾಲಿ, ಲಾರಿ ಬಾಡಿಗೆ. ಇವೆಲ್ಲ ಇರುವುದು ಕೆಂಪು ರಟ್ಟಿನ ಪುಸ್ತಕದಲ್ಲಿ ಮತ್ತು ಗುಮಾಸ್ತರ ತಲೆಯಲ್ಲಿ.

ಶುರುವಿನಲ್ಲಿ ನಾವು ಅಂದುಕೊಂಡಿದ್ದು, ಅಂಗಡಿಯವರಿಗೆ ಬೇಕಿರುವುದು ದಿನದ ದರ ತೋರಿಸುವ ಆ್ಯಪ್ ಅಂತ. ಅಂಗಡಿಯಲ್ಲಿ ಕೂತು ನೋಡಿದಾಗ ಗೊತ್ತಾಯಿತು, ದರ ಅವರಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ. ಗುಮಾಸ್ತರು ಸ್ಕ್ರೀನು ನೋಡಿ ಕೇಳಿದ್ದು ಒಂದೇ ಮಾತು: "ಎಲ್ಲಾ ಸರಿ ಐತ್ರೀ, ಹಳೇ ಬಾಕಿ ಎಲ್ಲಿ ಹಾಕ್ಲಿ?" ಆ ಒಂದು ಪ್ರಶ್ನೆಗೆ, ಡೇಟಾಬೇಸಿನಲ್ಲಿ ಲೆಕ್ಕ ಉಳಿಸಿಡುವ ಟೇಬಲ್ಲುಗಳ ಅರ್ಧ ವಿನ್ಯಾಸವೇ ಬದಲಾಯಿತು. ಆಮೇಲೆ ಸಾಹುಕಾರರು ಬಂದು, "ಒಬ್ಬ ರೈತನ ಹೆಸರಲ್ಲಿ ಅವರ ತಮ್ಮನೂ ಮಾಲು ತರ್ತಾನೆ, ಅದನ್ನ ಬೇರೆ ತೋರಿಸ್ಬೇಕು" ಅಂದರು. ಮತ್ತೆ ಬದಲಾಯಿತು. ಆಮೇಲೆ ರೈತರಿಗೆ ಎಸ್ಸೆಮ್ಮೆಸ್ ಬೇಕು ಅಂದರು.

ಸ್ಟಾರ್ಟಪ್ಪಿನ ಮೊದಲ ವರ್ಷ ಹೀಗೇ ಇರುತ್ತದೆ. ಏನು ಕಟ್ಟಬೇಕು ಅಂತ ಪೂರ್ತಿ ಗೊತ್ತಿರುವುದಿಲ್ಲ. ಬೆಳಿಗ್ಗೆ ಕೇಳಿದ್ದನ್ನು ಸಂಜೆಯೊಳಗೆ ತೋರಿಸಲು ಆಗಬೇಕು. ನಾಳೆ ಅದನ್ನು ಕಿತ್ತುಹಾಕಲು ಮನಸ್ಸಿಗೆ ನೋವಾಗಬಾರದು. ಹಾಗಾಗಿ ನಾವು ಪೈಥಾನ್, ಅದರ ಜೊತೆ ವೆಬ್ ಸಾಫ್ಟ್‌ವೇರ್ ಬೇಗ ಕಟ್ಟಲು ಸಿದ್ಧ ಚೌಕಟ್ಟು ಕೊಡುವ ಜಾಂಗೋ, ಕೆಳಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಿಡಿದೆವು. ಲಾಟ್ ಅಂತ ಒಂದು ಕ್ಲಾಸ್ ಬರೆಯುವುದು. ಅದರೊಳಗೆ ರೈತ, ಚೀಲ, ತೂಕ, ತೇವಾಂಶ, ದರ. ಎರಡು ಕಮಾಂಡ್ ಕೊಟ್ಟರೆ ಡೇಟಾಬೇಸಿನಲ್ಲಿ ಟೇಬಲ್ ಸಿದ್ಧ. ಇನ್ನೊಂದೆರಡು ಸಾಲು ಸೇರಿಸಿದರೆ ಅಡ್ಮಿನ್ ಪುಟ ತಾನಾಗೇ ಬರುತ್ತದೆ. ಹೊಸ ಲಾಟ್ ಹಾಕಬಹುದು, ತಿದ್ದಬಹುದು, ಯಾರು ಯಾವಾಗ ತಿದ್ದಿದರು ಅಂತಲೂ ನೋಡಬಹುದು. ಚಂದದ ಸ್ಕ್ರೀನ್ ಮಾಡುವ ಮೊದಲೇ ಗುಮಾಸ್ತರು ಅದರಲ್ಲಿ ನಿಜವಾದ ಲಾಟುಗಳನ್ನು ಹಾಕಲು ಶುರು ಮಾಡಿದ್ದರು.

ಜಾಂಗೋ ಹುಟ್ಟಿದ ಕತೆ ನನಗೆ ತುಂಬಾ ಇಷ್ಟ. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಲಾರೆನ್ಸ್ ಅಂತ ಒಂದು ಊರಿದೆ. ದಾವಣಗೆರೆಗಿಂತ ಚಿಕ್ಕ ಊರು, ಒಂದು ವಿಶ್ವವಿದ್ಯಾಲಯ ಇರುವ ಊರು. ಅಲ್ಲಿನ ಪತ್ರಿಕಾ ಕಚೇರಿಯಲ್ಲಿ ಆಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಎಂಬ ಇಬ್ಬರು 2003ರಲ್ಲಿ ಇದನ್ನು ಶುರು ಮಾಡಿದರು. ಸುದ್ದಿಮನೆಯಲ್ಲಿ ಕೆಲಸ ಕೊಟ್ಟವರಿಗೆ ಅದು ಗಂಟೆಗಳಲ್ಲಿ ಬೇಕು. ಆ ಅವಸರದಲ್ಲಿ ರೂಪುಗೊಂಡ ಸಾಮಾನನ್ನು 2005ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. 2012ರಲ್ಲಿ ಫೇಸ್‌ಬುಕ್ 100 ಕೋಟಿ ಡಾಲರಿಗೆ ಕೊಂಡುಕೊಳ್ಳಲು ಹೊರಟ ಇನ್‌ಸ್ಟಾಗ್ರಾಂ ಇದರ ಮೇಲೇ ನಡೆಯುತ್ತಿತ್ತು. ಆಗ ಅಲ್ಲಿ ಇದ್ದವರು 13 ಜನ.

ಇಂಥ ದೊಡ್ಡ ಕಂಪನಿಗಳ ಕತೆ ಹೇಳಿದ ತಕ್ಷಣ ಹುಡುಗರು ಇನ್ನೊಂದು ಕತೆ ತರುತ್ತಾರೆ. "ಸರ್, ವಾಟ್ಸಾಪ್ ಎರ್ಲ್ಯಾಂಗಲ್ಲಿ ಇತ್ತಂತೆ. ನಾವೂ ಅದನ್ನೇ ಹಿಡಿಯೋಣ್ವಾ?" ನಿಜ, ಇತ್ತು. 2014ರಲ್ಲಿ ಅದು ಮಾರಾಟವಾದಾಗ 45 ಕೋಟಿ ಬಳಕೆದಾರರಿಗೆ 32 ಇಂಜಿನಿಯರ್‌ಗಳಿದ್ದರು. ಆದರೆ ಎರ್ಲ್ಯಾಂಗ್ ಅವರಿಗೆ ಹೇಗೆ ಬಂತು ಅಂತ ನೋಡಬೇಕು. ಸಂದೇಶ ಸಾಗಿಸಲು ಅವರು ಎತ್ತಿಕೊಂಡದ್ದು ಇಜಾಬರ್ಡ್‌ಡಿ ಅನ್ನುವ ಮುಕ್ತ ಸರ್ವರ್. ಅದನ್ನು ಬರೆದಿದ್ದದ್ದು ಎರ್ಲ್ಯಾಂಗಿನಲ್ಲಿ. ಎರ್ಲ್ಯಾಂಗ್ ಹುಟ್ಟಿದ್ದೇ 1980ರ ದಶಕದಲ್ಲಿ ಎರಿಕ್‌ಸನ್ ಕಂಪನಿಯಲ್ಲಿ, ಟೆಲಿಫೋನ್ ಎಕ್ಸ್‌ಚೇಂಜುಗಳಿಗಾಗಿ. ಲಕ್ಷಾಂತರ ಜನ ಒಂದೇ ಹೊತ್ತಿಗೆ ಲೈನಿನಲ್ಲಿರುವುದು ಅದಕ್ಕೆ ನಿತ್ಯದ ಕೆಲಸ. ವಾಟ್ಸಾಪ್‌ಗೆ ಬೇಕಾಗಿದ್ದೂ ಅದೇ. ನಮ್ಮ ಅಂಗಡಿಯ ಲೆಕ್ಕಕ್ಕೆ ಬೇಕಾಗಿರುವುದು ಅದಲ್ಲವಲ್ಲ.

ಫೇಸ್‌ಬುಕ್ 2004ರಲ್ಲಿ ಪಿಎಚ್‌ಪಿಯಲ್ಲಿ ಶುರುವಾಯಿತು, ಕಟ್ಟಿದವನಿಗೆ ಅದು ಕೈಗೆ ಬರುತ್ತಿತ್ತು. 1995ರಲ್ಲಿ ಪಾಲ್ ಗ್ರಹಾಂ ಮತ್ತು ಗೆಳೆಯರು ವಯಾವೆಬ್ ಅನ್ನುವ ಆನ್‌ಲೈನ್ ಅಂಗಡಿ ಕಟ್ಟುವ ಸಾಫ್ಟ್‌ವೇರನ್ನು ಲಿಸ್ಪ್‌ನಲ್ಲಿ ಬರೆದರು, ಅವರಿಗೆ ಲಿಸ್ಪ್ ಚೆನ್ನಾಗಿ ಗೊತ್ತಿತ್ತು. 1998ರಲ್ಲಿ ಯಾಹೂ ಅದನ್ನು ಕೊಂಡುಕೊಂಡಿತು, ಮುಂದೆ ಅದನ್ನು ಬೇರೆ ಭಾಷೆಗಳಲ್ಲಿ ಹೊಸದಾಗಿ ಬರೆಸಿತು. ಟ್ವಿಟರ್ ರೂಬಿಯಲ್ಲಿ ಶುರುವಾಗಿ, ಜನ ನುಗ್ಗಿದ ಮೇಲೆ ಒಳಗಿನ ದೊಡ್ಡ ಭಾಗಗಳನ್ನು ಸ್ಕಾಲಾಗೆ ಸಾಗಿಸಿತು. ಇವರೆಲ್ಲ ಮೊದಲು ಕೈಗೆ ಬರುವ ಭಾಷೆಯಲ್ಲಿ ಗ್ರಾಹಕರನ್ನು ಸಂಪಾದಿಸಿದರು. ಭಾರ ಹೆಚ್ಚಾದ ಮೇಲೆ, ಕೈಯಲ್ಲಿ ದುಡ್ಡು ಮತ್ತು ಜನ ಇದ್ದಾಗ, ಭಾಷೆ ಬದಲಿಸಿದರು. ಫೇಸ್‌ಬುಕ್ ಅಂತೂ ಬಿಡಲಾಗದೆ ಪಿಎಚ್‌ಪಿಯನ್ನೇ ತಿದ್ದಿ 2014ರಲ್ಲಿ ಹ್ಯಾಕ್ ಅನ್ನುವ ಹೊಸ ಭಾಷೆ ಮಾಡಿಕೊಂಡಿತು.

ಇನ್ನು ವೇಗದ ಮಾತು. "ಪೈಥಾನ್ ಸ್ಲೋ ಅಲ್ವಾ ಸರ್, ಗೋ ಅಥವಾ ರಸ್ಟ್ ಮಾಡಿದ್ರೆ?" ಹೌದು, ಆ ಎರಡು ಭಾಷೆಗಳಿಗಿಂತ ನಿಧಾನವೇ. ಆದರೆ ಒಂದು ಲೆಕ್ಕ ಹಾಕೋಣ. ಸುಗ್ಗಿಯಲ್ಲಿ ಒಂದೇ ದಿನ 2,000 ಲಾಟು ನಮ್ಮ ಸಾಫ್ಟ್‌ವೇರಿಗೆ ಬಂತು ಅಂತ ಇಟ್ಟುಕೊಳ್ಳಿ. ವ್ಯಾಪಾರ ನಡೆಯುವುದು 8 ಗಂಟೆ, ಅಂದರೆ 28,800 ಸೆಕೆಂಡು. 14 ಸೆಕೆಂಡಿಗೆ ಒಂದು ಲಾಟು ಬಿತ್ತು. ಇದಕ್ಕೆ ಯಾವ ಭಾಷೆಯಾದರೂ ಸಾಕು, ಅತಿ ಚಿಕ್ಕ ಸರ್ವರಾದರೂ ಸಾಕು. ಇಂಥ ಕೆಲಸದಲ್ಲಿ ನಿಧಾನ ಆಗುವುದು ಸಾಮಾನ್ಯವಾಗಿ ಡೇಟಾಬೇಸಿನಲ್ಲಿ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಹಾಕದೆ ಬಿಟ್ಟ ಜಾಗದಲ್ಲಿ, ಅಥವಾ ಒಂದು ಪಟ್ಟಿ ತೋರಿಸಲು ಇನ್ನೂರು ಸಲ ಡೇಟಾಬೇಸಿಗೆ ಹೋಗಿ ಬರುವ ಕೋಡಿನಲ್ಲಿ. ಆ ತಪ್ಪನ್ನು ರಸ್ಟ್‌ನಲ್ಲೂ ಅಷ್ಟೇ ಸಲೀಸಾಗಿ ಮಾಡಬಹುದು.

ಈಗ ಬೇರೆ ಊರಿನವರು ಬರೆಯದ ಒಂದು ವಿಷಯಕ್ಕೆ ಬರುತ್ತೇನೆ. ಕನ್ನಡ. ನಮ್ಮ ಗ್ರಾಹಕರಿಗೆ ಪಟ್ಟಿ, ಅಂದರೆ ರೈತನಿಗೆ ಕೊಡುವ ಲೆಕ್ಕದ ಚೀಟಿ, ಕನ್ನಡದಲ್ಲೇ ಬೇಕು, ರೈತ ಅದನ್ನು ಮನೆಗೆ ಒಯ್ದು ಓದಿಸಿಕೊಳ್ಳುತ್ತಾನೆ. ಭಾಷೆ ಆರಿಸುವ ಮೊದಲು, ಅದು ಕನ್ನಡವನ್ನು ಹೇಗೆ ನಡೆಸಿಕೊಳ್ಳುತ್ತದೆ ಅಂತ ಪರೀಕ್ಷೆ ಮಾಡಲೇಬೇಕು.

"ದಾವಣಗೆರೆ" ಅನ್ನುವ ಪದ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಐದು ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಎಂಟು, ಯಾಕೆಂದರೆ ದೀರ್ಘ ಮತ್ತು ಎತ್ವಗಳು ಬೇರೆ ಬೇರೆ ಸಂಕೇತಗಳು. ಆ ಸಂಕೇತಗಳನ್ನು ಯುಟಿಎಫ್-8 ಅನ್ನುವ ರೂಪದಲ್ಲಿ ಉಳಿಸಿದರೆ, ಒಂದೊಂದಕ್ಕೆ ಮೂರರಂತೆ 24 ಬೈಟು. ಪೈಥಾನ್‌ಗೆ ಇದರ ಉದ್ದ ಕೇಳಿದರೆ 8 ಅನ್ನುತ್ತದೆ, ಜಾವಾಸ್ಕ್ರಿಪ್ಟೂ 8 ಅನ್ನುತ್ತದೆ. ಪಿಎಚ್‌ಪಿಯಲ್ಲಿ ಉದ್ದ ಹೇಳುವ ಮಾಮೂಲಿ ಫಂಕ್ಷನ್ 24 ಅನ್ನುತ್ತದೆ. ಹೆಸರು ಉದ್ದವಾಯಿತು ಅಂತ, ಹಾಗೇ ಬೈಟು ಎಣಿಸುವ ಇನ್ನೊಂದು ಮಾಮೂಲಿ ಫಂಕ್ಷನ್ನಿನಿಂದ ಕತ್ತರಿಸಿದರೆ, ಅಕ್ಷರದ ನಡುವೆಯೇ ಕತ್ತರಿ ಬಿದ್ದು ಕೊನೆಯಲ್ಲಿ ಪ್ರಶ್ನೆಚಿಹ್ನೆ ಬರಬಹುದು. ಪಿಎಚ್‌ಪಿಯಲ್ಲೂ ಸರಿಯಾದ ಫಂಕ್ಷನ್‌ಗಳಿವೆ. ಆದರೆ ಅವನ್ನೇ ಬಳಸಬೇಕು ಅಂತ ತಂಡದ ಪ್ರತಿಯೊಬ್ಬರಿಗೂ ನೆನಪಿರಬೇಕು.

ಎಸ್ಸೆಮ್ಮೆಸ್ಸಿನಲ್ಲಿ ಇದು ನೇರವಾಗಿ ದುಡ್ಡಿನ ಮಾತು. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ. ಕನ್ನಡ ಬಳಸಿದರೆ 70, ಅದೂ ಯೂನಿಕೋಡ್ ಲೆಕ್ಕದ 70. ರೈತನ ಹೆಸರು, ಚೀಲ, ತೂಕ, ದರ, ಮೊತ್ತ ಹಾಕುವಷ್ಟರಲ್ಲಿ ಎರಡನೇ ಎಸ್ಸೆಮ್ಮೆಸ್ಸಿನ ದುಡ್ಡು ಬೀಳುತ್ತದೆ. ಒಂದೇ ಸಂದೇಶದಲ್ಲಿ ಮುಗಿಸುವ ಹಾಗೆ ಪದಗಳನ್ನು ಆರಿಸಿ ಟೆಂಪ್ಲೇಟ್ ಬರೆಯುವುದು ನಮ್ಮ ಆಫೀಸಿನಲ್ಲಿ ಕೋಡು ಬರೆಯುವಷ್ಟೇ ಶ್ರದ್ಧೆಯ ಕೆಲಸ.

ಪ್ರಿಂಟ್ ಇನ್ನೊಂದು ಕತೆ. ಅಂಗಡಿಗಳಲ್ಲಿ ಇರುವ ಚಿಕ್ಕ ಥರ್ಮಲ್ ಪ್ರಿಂಟರ್‌ಗಳೊಳಗೆ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ. ಪಟ್ಟಿಯನ್ನು ಚಿತ್ರ ಮಾಡಿ ಕಳಿಸಬೇಕು. ಆ ಚಿತ್ರ ಮಾಡುವ ಲೈಬ್ರರಿಗೆ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿಗೆ) ಒತ್ತಕ್ಷರ ಕೂರಿಸಲು ಬರಬೇಕು. ಬರದಿದ್ದರೆ "ಕೊಟ್ರೇಶಪ್ಪ" ಅನ್ನುವುದು "ಕೊಟ್‌ರೇಶಪ್‌ಪ" ಆಗಿ ಬರುತ್ತದೆ. ಪಿಡಿಎಫ್ ಮಾಡುವ ಎಷ್ಟೋ ಲೈಬ್ರರಿಗಳಲ್ಲಿ ಈ ತೊಂದರೆ ಇದೆ. ಬ್ರೌಸರುಗಳು ಒತ್ತಕ್ಷರವನ್ನು ಚೆನ್ನಾಗಿ ಕೂರಿಸುತ್ತವೆ. ಹಾಗಾಗಿ ನಾವು ಪಟ್ಟಿಯನ್ನು ವೆಬ್ ಪುಟವಾಗಿ ಮಾಡಿ, ಕ್ರೋಮ್ ಕೈಯಲ್ಲೇ ಪ್ರಿಂಟ್ ಹಾಕಿಸುತ್ತೇವೆ. ಯಾವ ಭಾಷೆಯಲ್ಲಿ ಬರೆದರೂ ಈ ದಾರಿ ಹಿಡಿಯಬಹುದು. ರೈತನ ಹೆಸರು ಸರಿಯಾಗಿ ಅಚ್ಚಾಗುವುದು ನನಗೆ ಸಣ್ಣ ವಿಷಯ ಅನ್ನಿಸಿಲ್ಲ.

ಮತ್ತೆ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಎಕ್ಸೆಲ್ ಫೈಲುಗಳು. ವರ್ಷಗಟ್ಟಲೆಯ ಬಾಕಿ ಲೆಕ್ಕ ಅದರಲ್ಲೇ ಇರುತ್ತದೆ. ಫಾಂಟ್ ತೆಗೆದರೆ ಬರೀ ಅರ್ಥವಿಲ್ಲದ ಚಿಹ್ನೆಗಳು. ಅವನ್ನು ಯೂನಿಕೋಡಿಗೆ ತರುವ ಮುಕ್ತ ಪರಿವರ್ತಕಗಳನ್ನು ಕನ್ನಡಿಗರೇ ಬರೆದಿಟ್ಟಿದ್ದಾರೆ, ಪೈಥಾನ್‌ನಲ್ಲೂ ಸಿಗುತ್ತದೆ. ಅವರಿಗೆ ಎಷ್ಟು ಋಣಿಯಾಗಿದ್ದರೂ ಕಡಿಮೆ.

ದುಡ್ಡಿನ ಲೆಕ್ಕದ ಬಗ್ಗೆ ಒಂದು ಮಾತು ಹೇಳಲೇಬೇಕು. 0.1ಕ್ಕೆ 0.2 ಕೂಡಿಸಿ ಅಂತ ಪೈಥಾನ್‌ಗೆ ಹೇಳಿ, ಜಾವಾಸ್ಕ್ರಿಪ್ಟ್‌ಗೆ ಹೇಳಿ, 0.30000000000000004 ಅನ್ನುತ್ತವೆ. ಕಂಪ್ಯೂಟರು ದಶಮಾಂಶವನ್ನು ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದೇ ಇದಕ್ಕೆ ಕಾರಣ. 52.35 ಕ್ವಿಂಟಾಲ್ ಮಾಲು, ಕ್ವಿಂಟಾಲಿಗೆ 2,185 ರೂಪಾಯಿ ಅಂದರೆ 1,14,384 ರೂಪಾಯಿ 75 ಪೈಸೆ. ಇದು ಹಾಗೇ ಬರಬೇಕು, ಒಂದು ಪೈಸೆ ಆಚೀಚೆ ಆದರೂ ಗುಮಾಸ್ತರು ಮತ್ತೆ ಆ ಸಾಫ್ಟ್‌ವೇರ್ ನಂಬುವುದಿಲ್ಲ. ಪೈಥಾನ್‌ನಲ್ಲಿ ದಶಮಾಂಶವನ್ನು ಹತ್ತರ ಲೆಕ್ಕದಲ್ಲೇ ಇಟ್ಟುಕೊಳ್ಳುವ ಡೆಸಿಮಲ್ ಭಾಷೆಯ ಜೊತೆಗೇ ಬರುತ್ತದೆ, ಜಾವಾದಲ್ಲಿ ಬಿಗ್‌ಡೆಸಿಮಲ್ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ ಹೊರಗಿನ ಲೈಬ್ರರಿ ಬೇಕು, ಇಲ್ಲವೇ ಎಲ್ಲವನ್ನೂ ಪೈಸೆಯಲ್ಲೇ ಇಟ್ಟುಕೊಳ್ಳಬೇಕು.

ಮತ್ತೆ ಜನರ ವಿಷಯಕ್ಕೆ ಬರುತ್ತೇನೆ. ಬಿಐಇಟಿ, ಯುಬಿಡಿಟಿಯಂಥ ಕಾಲೇಜುಗಳಲ್ಲಿ ಓದಿದ ಮಕ್ಕಳು ಸಿ, ಜಾವಾ, ಪೈಥಾನ್ ನೋಡಿರುತ್ತಾರೆ. ಬಿಸಿಎ, ಡಿಪ್ಲೊಮಾ ಮುಗಿಸಿದವರಲ್ಲಿ ಪಿಎಚ್‌ಪಿ ಬಲ್ಲವರು ನನಗೆ ಬಹಳ ಸಿಕ್ಕಿದ್ದಾರೆ. ನಮ್ಮಲ್ಲಿಗೆ ಜಗಳೂರು ಕಡೆಯ ಒಬ್ಬಳು ಹುಡುಗಿ ಬಂದಳು, ಬಿಸಿಎ ಮುಗಿಸಿದ್ದಳು. ಪೈಥಾನ್ ಅಷ್ಟಾಗಿ ಬರುತ್ತಿರಲಿಲ್ಲ. ಪಟ್ಟಿ ಲೆಕ್ಕ ಹಾಕುವ ಫಂಕ್ಷನ್ ತೆರೆದುಕೊಟ್ಟು, "ಸುಮ್ನೆ ಓದಮ್ಮ, ಏನನ್ಸುತ್ತೆ ಹೇಳು" ಅಂದೆ. ಸ್ವಲ್ಪ ಹೊತ್ತು ಓದಿ ಕೇಳಿದಳು: "ಸರ್, ಇಲ್ಲಿ ಚೀಲದ ತೂಕ ಕಳೆದ ಮೇಲೆ ತೇವಾಂಶ ಮುರೀತಿದೀರಿ. ನಮ್ಮಪ್ಪ ಮಾಲು ಹಾಕೋ ಅಂಗಡೀಲಿ ಮೊದ್ಲು ತೇವಾಂಶ ಮುರೀತಾರೆ. ಎರಡೂ ಬರೋ ಹಂಗೆ ಬೇಡ್ವಾ?" ಅವಳ ಮನೆಯಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ. ಮಂಡಿಯ ಲೆಕ್ಕ ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಕೋಡು ಅವಳಿಗೆ ಓದಲು ಬಂದದ್ದರಿಂದ ಆ ತಿಳಿವಳಿಕೆ ನೇರವಾಗಿ ನಮ್ಮ ಸಾಫ್ಟ್‌ವೇರಿಗೆ ಬಂತು. ಅದೇ ಫಂಕ್ಷನ್ ಹ್ಯಾಸ್ಕೆಲ್‌ನಲ್ಲೋ ಎಲಿಕ್ಸಿರ್‌ನಲ್ಲೋ ಇದ್ದಿದ್ದರೆ, ಅವಳು ಮೊದಲ ತಿಂಗಳು ಭಾಷೆ ಕಲಿಯುವುದರಲ್ಲೇ ಇರುತ್ತಿದ್ದಳು. ಕೇಳಬೇಕಾದ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಎಲಿಕ್ಸಿರ್ ಒಳ್ಳೆಯ ಭಾಷೆ, ನನಗೆ ಪ್ರೀತಿ ಇದೆ. ಆದರೆ ಊರಿನ ಕಂಪನಿಗೆ ಇಂಥ ಹುಡುಗಿಯ ಪ್ರಶ್ನೆ ಅದಕ್ಕಿಂತ ದೊಡ್ಡದು.

ಈಗ ಎಐ ಸಾಧನಗಳು ಕೋಡು ಬರೆದುಕೊಡುತ್ತವಲ್ಲ, ಯಾವ ಭಾಷೆಯಾದರೇನು ಅಂತ ಕೇಳುತ್ತಾರೆ. ಬರೆದುಕೊಡುತ್ತವೆ, ನಾವೂ ಬಳಸುತ್ತೇವೆ. ಜಗತ್ತಿನಲ್ಲಿ ಜಾಸ್ತಿ ಕೋಡು ಇರುವ ಪೈಥಾನ್, ಜಾವಾಸ್ಕ್ರಿಪ್ಟ್‌ನಲ್ಲಿ ಚೆನ್ನಾಗಿಯೇ ಬರೆಯುತ್ತವೆ. ಆದರೆ ಅದು ಬರೆದದ್ದು ಸರಿಯಾ ಅಂತ ನೋಡಲು ಓದುವವರು ಬೇಕು. ಓದುವವರು ಎಷ್ಟು ಜನ ಇದ್ದಾರೆ ಅನ್ನುವ ಲೆಕ್ಕ ಮೊದಲಿಗಿಂತ ಈಗಲೇ ಮುಖ್ಯವಾಗಿದೆ.

ಎಲ್ಲರೂ ಪೈಥಾನ್ ಹಿಡಿಯಿರಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಇಡೀ ಸರಕು ಫೋನಿನಲ್ಲೇ ಇದ್ದರೆ ಕಾಟ್ಲಿನ್ ಅಥವಾ ಫ್ಲಟರ್ ನೋಡಿ. ನೆಟ್‌ವರ್ಕ್ ಸಿಗದ ಹಳ್ಳಿಯಲ್ಲಿ ನಡೆಯಬೇಕಾದರೆ ಫೋನಿನೊಳಗೇ ಎಸ್‌ಕ್ಯೂಲೈಟ್ ಅನ್ನುವ ಚಿಕ್ಕ ಡೇಟಾಬೇಸ್ ಇಟ್ಟುಕೊಂಡು, ಸಿಗ್ನಲ್ ಬಂದಾಗ ಕಳಿಸುವ ಹಾಗೆ ಮಾಡಿ. ಚನ್ನಗಿರಿಯಲ್ಲಿ ಅಡಿಕೆ ಒಣಗಿಸುವ ಕಡೆ ಸೆನ್ಸರ್ ಹಾಕುತ್ತೀರಿ ಅಂದರೆ ಸಿ ಬೇಕಾಗುತ್ತದೆ. ಸ್ಕ್ರೀನೇ ನಿಮ್ಮ ಸರಕು, ಅದು ಕ್ಷಣಕ್ಷಣಕ್ಕೂ ಬದಲಾಗುತ್ತಿರಬೇಕು ಅಂದರೆ ಟೈಪ್‌ಸ್ಕ್ರಿಪ್ಟ್ ಒಳ್ಳೆಯದು, ಮುಂದೆ ಬ್ರೌಸರಿನಲ್ಲಿ, ಹಿಂದೆ ಸರ್ವರಿನಲ್ಲಿ, ಎರಡೂ ಕಡೆ ಒಂದೇ ಭಾಷೆ ನಡೆಯುತ್ತದೆ. ಇಬ್ಬರು ಸ್ಥಾಪಕರಿಗೂ ಪಿಎಚ್‌ಪಿ ನೀರು ಕುಡಿದಷ್ಟು ಸುಲಭ ಅಂದರೆ, ಪೈಥಾನ್‌ಗೆ ಜಾಂಗೋ ಇದ್ದ ಹಾಗೆ ಪಿಎಚ್‌ಪಿಗೆ ಇರುವ ಲಾರವೆಲ್ ಹಿಡಿದು ಧೈರ್ಯವಾಗಿ ಶುರು ಮಾಡಿ. ಯಾರೋ ಮೂಗು ಮುರಿದರು ಅಂತ ಗೊತ್ತಿರುವ ಭಾಷೆ ಬಿಡಬೇಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಟೇಬಲ್ಲುಗಳ ವಿನ್ಯಾಸಕ್ಕೆ ಭಾಷೆಗಿಂತ ಹೆಚ್ಚು ಹೊತ್ತು ಕೊಡಿ. ಪೈಥಾನ್ 2ರಿಂದ 3ಕ್ಕೆ ಹೋಗುವ ಕೆಲಸ 2008ರಲ್ಲಿ ಶುರುವಾಗಿ, ಹಳೆಯದಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಆ ಹೊತ್ತಿನಲ್ಲಿ ಎಷ್ಟೋ ಕಂಪನಿಗಳು ಕೋಡನ್ನು ತಿದ್ದಿ ತಿದ್ದಿ ಸುಸ್ತಾದವು. ಅವರ ಡೇಟಾಬೇಸುಗಳೊಳಗಿನ ಸಾಲುಗಳು ಮಾತ್ರ ಇದ್ದ ಹಾಗೇ ಇದ್ದವು. ರೈತನ ಬಾಕಿ ಲೆಕ್ಕ ನಿಮ್ಮ ಭಾಷೆಗಿಂತ ಹೆಚ್ಚು ಕಾಲ ಬದುಕಬೇಕು. ಮಗ ಬಂದು ಅಪ್ಪನ ಲೆಕ್ಕ ಕೇಳುವ ವ್ಯಾಪಾರ ಇದು.

ಇಷ್ಟು ಹೇಳಿದ ಮೇಲೂ ಹುಡುಗರಲ್ಲಿ ಎರಡು ಗುಂಪಾಗಿರುತ್ತದೆ, ಒಬ್ಬನಿಗೆ ಪೈಥಾನ್, ಇನ್ನೊಬ್ಬಳಿಗೆ ಟೈಪ್‌ಸ್ಕ್ರಿಪ್ಟ್. ಅವರಿಗೆ ನಾನು ಕೊಡುವ ಕೆಲಸ ಇದು. ಇಬ್ಬರೂ ನಿಮ್ಮ ನಿಮ್ಮ ಭಾಷೆಯಲ್ಲಿ ರೈತನ ಒಂದು ಪಟ್ಟಿ ಕನ್ನಡದಲ್ಲಿ ಪ್ರಿಂಟ್ ಮಾಡಿ. ಹೆಸರಿನಲ್ಲಿ ಒತ್ತಕ್ಷರ ಇರಲಿ, ಲೆಕ್ಕ ಪೈಸೆಗೆ ಸರಿ ಬರಲಿ. ಆಮೇಲೆ ಆ ಎರಡೂ ಕೋಡನ್ನು, ಅದನ್ನು ಹಿಂದೆ ನೋಡೇ ಇಲ್ಲದ ಒಬ್ಬ ಜೂನಿಯರ್ ಕೈಗೆ ಕೊಡಿ. ಹಮಾಲಿಯನ್ನು ಚೀಲದ ಲೆಕ್ಕದಿಂದ ಕ್ವಿಂಟಾಲ್ ಲೆಕ್ಕಕ್ಕೆ ಬದಲಿಸು ಅನ್ನಿ. ನೀವು ಪಕ್ಕದಲ್ಲಿ ಕೂತಿರಿ, ಬಾಯಿ ಬಿಡಬೇಡಿ. ಯಾವುದರಲ್ಲಿ ಅವರ ಕೈ ಬೇಗ ಆಡುತ್ತದೋ ಅದನ್ನು ಹಿಡಿಯಿರಿ, ಮತ್ತೆ ಈ ಚರ್ಚೆ ತೆಗೆಯಬೇಡಿ. ಅಕ್ಟೋಬರ್ ಹೊತ್ತಿಗೆ ಹೊಸ ಮೆಕ್ಕೆಜೋಳ ಬರಲು ಶುರುವಾಗುತ್ತದೆ, ಅಷ್ಟರೊಳಗೆ ಒಂದು ಅಂಗಡಿಯಲ್ಲಾದರೂ ನಿಮ್ಮ ಪಟ್ಟಿ ನಡೆಯುತ್ತಿರಬೇಕು.